ಅಂಚೆಚೀಟಿಯ ಮೇಲಿನ ಹಡಗು: ಹೆಸರಿನ ಜೊತೆ ವರ್ಷವನ್ನೂ ಹುಡುಕುವುದು ಹೇಗೆ

ಚೀಟಿಯ ಮೇಲೆಯೇ ಹಡಗಿನ ಹೆಸರು ಅಚ್ಚಾಗಿದ್ದರೂ ಅರ್ಧ ಕೆಲಸ ಬಾಕಿ ಇರುತ್ತದೆ. ಕ್ಯುನಾರ್ಡ್ ಎಂಬ ಹಡಗು ಕಂಪನಿ ಮಾರಿಟೇನಿಯಾ ಎಂಬ ಹೆಸರನ್ನು ಎರಡು ಹಡಗುಗಳಿಗೆ ಇಟ್ಟಿತ್ತು. 1907ರದಕ್ಕೆ ನಾಲ್ಕು ಚಿಮಣಿ, 1939ರದಕ್ಕೆ ಎರಡು. ಇನ್ನು ಒಂದೇ ಹಡಗು ರಿಪೇರಿಯಾಗಿ, ಮಾಲೀಕರು ಬದಲಾಗಿ, ಹತ್ತು ವರ್ಷದಲ್ಲಿ ಗುರುತೇ ಸಿಗದಂತಾಗುವುದೂ ಉಂಟು. ಹಾಗಾಗಿ ಪ್ರಶ್ನೆ ಯಾವಾಗಲೂ ಎರಡು: ಯಾವ ಹಡಗು, ಯಾವ ವರ್ಷದ ರೂಪ?

ಮೊದಲು ಚೀಟಿಯನ್ನು 1200 ಡಿಪಿಐಗೆ ಸ್ಕ್ಯಾನ್ ಮಾಡಿ. ದೇಶ, ಬಿಡುಗಡೆಯಾದ ವರ್ಷ, ಯಾವ ಘಟನೆಯ ನೆನಪಿಗೆ ಹೊರಡಿಸಿದ್ದು ಎಂಬುದನ್ನು ಬರೆದುಕೊಳ್ಳಿ. ಕ್ಯಾಟಲಾಗ್ ಸಂಖ್ಯೆ ಬರೆಯುವಾಗ ಕ್ಯಾಟಲಾಗಿನ ಹೆಸರನ್ನೂ ಸೇರಿಸಿ. ಒಂದೇ ಚೀಟಿಗೆ ಗಿಬ್ಬನ್ಸ್, ಸ್ಕಾಟ್, ಮಿಶೆಲ್ ಮೂರರಲ್ಲೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ಮೊಹರಿನ ಮಸಿ ಹಡಗಿನ ಹಿಂಭಾಗವನ್ನು ಮುಚ್ಚಿದ್ದರೆ ಮೊಹರು ಬೀಳದ ಇನ್ನೊಂದು ಪ್ರತಿ ಹುಡುಕಿ. ಯಾಕೆಂದರೆ ಹಾಯಿಹಡಗಿನ ಗುಟ್ಟೆಲ್ಲ ಇರುವುದು ಅಲ್ಲೇ.

ಹಾಯಿಹಡಗು: ಕೊನೆಯ ಕಂಬ ನೋಡಿ

ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ. ಹಡಗಿನ ಅಗಲಕ್ಕೆ ಅಡ್ಡಲಾಗಿ ಕಟ್ಟುವುದು ಅಡ್ಡಹಾಯಿ, ಉದ್ದಕ್ಕೆ ಸರಿಯಾಗಿ ಕಟ್ಟುವುದು ಉದ್ದಹಾಯಿ. ಮೂರು ಕಂಬದ ಹಡಗಿನಲ್ಲಿ ಮೂರಕ್ಕೂ ಅಡ್ಡಹಾಯಿ ಇದ್ದರೆ ಅದು ಫುಲ್-ರಿಗ್ಡ್ ಶಿಪ್. ಮುಂದಿನ ಎರಡಕ್ಕೆ ಅಡ್ಡಹಾಯಿ, ಕೊನೆಯದಕ್ಕೆ ಉದ್ದಹಾಯಿ ಮಾತ್ರ ಇದ್ದರೆ ಬಾರ್ಕ್. ಮೊದಲನೆಯದಕ್ಕೆ ಮಾತ್ರ ಅಡ್ಡಹಾಯಿ ಇದ್ದರೆ ಬಾರ್ಕೆಂಟೈನ್. ಎರಡೇ ಕಂಬ, ಎರಡಕ್ಕೂ ಅಡ್ಡಹಾಯಿ ಇದ್ದರೆ ಬ್ರಿಗ್.

ತೊಡಕು ಏನೆಂದರೆ, ಫುಲ್-ರಿಗ್ಡ್ ಶಿಪ್ಪಿನ ಕೊನೆಯ ಕಂಬದಲ್ಲೂ ಕೆಳಗಡೆ ಒಂದು ಉದ್ದಹಾಯಿ ಇರುತ್ತದೆ. ಅದರ ಹೆಸರು ಸ್ಪ್ಯಾಂಕರ್. ಅದೊಂದನ್ನೇ ಕಂಡು "ಬಾರ್ಕ್" ಎಂದು ಬರೆದರೆ ತಪ್ಪು. ಸ್ಪ್ಯಾಂಕರಿನ ಮೇಲ್ಗಡೆ ಕಣ್ಣು ಹಾಯಿಸಿ. ಅಲ್ಲಿ ಕಂಬಕ್ಕೆ ಅಡ್ಡಲಾಗಿ ಯಾರ್ಡುಗಳು, ಅಂದರೆ ಹಾಯಿ ಕಟ್ಟುವ ಅಡ್ಡಮರಗಳು, ಇವೆಯೇ? ಇದ್ದರೆ ಶಿಪ್, ಇಲ್ಲದಿದ್ದರೆ ಬಾರ್ಕ್. ಹಾಯಿ ಸುತ್ತಿಟ್ಟಿದ್ದರೂ ಅಡ್ಡಮರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆದ್ದರಿಂದ ಹಾಯಿಗಿಂತ ಅಡ್ಡಮರವನ್ನು ನಂಬಿ.

ಇದರಿಂದ ವರ್ಷವೂ ಸಿಗುತ್ತದೆ. ವಿಜ್ಞಾನಿ ಡಾರ್ವಿನ್ ಪ್ರಯಾಣಿಸಿದ ಹಡಗು ಬೀಗಲ್ 1820ರಲ್ಲಿ ನೀರಿಗಿಳಿದಾಗ ಎರಡು ಕಂಬದ ಬ್ರಿಗ್. 1825ರಲ್ಲಿ ಮೂರನೆಯ ಕಂಬ ಸೇರಿ ಬಾರ್ಕ್ ಆಯಿತು. ಡಾರ್ವಿನ್ ಅದರಲ್ಲಿ ಹೋದದ್ದು 1831ರಿಂದ 1836ರವರೆಗೆ. ಡಾರ್ವಿನ್ ಸ್ಮರಣೆಯ ಚೀಟಿಯಲ್ಲಿ ಎರಡೇ ಕಂಬ ಕಂಡರೆ ಕಲಾವಿದರು ತಪ್ಪಿದ್ದಾರೆ ಎಂದೇ ಅರ್ಥ. ಬ್ರಿಟನ್ನಿನ ಹಾಯಿಹಡಗು ಕಟಿ ಸಾರ್ಕ್ ಮೂಲತಃ ಫುಲ್-ರಿಗ್ಡ್ ಶಿಪ್. ಪೋರ್ಚುಗೀಸರ ಕೈಯಲ್ಲಿ ಫೆರೇರಾ ಎಂಬ ಹೆಸರಿನಲ್ಲಿದ್ದಾಗ 1916ರಲ್ಲಿ ಕಂಬ ಕಳೆದುಕೊಂಡು ಬಾರ್ಕೆಂಟೈನ್ ಆಯಿತು. ಹೆಸರೂ ಬೇರೆ, ಆಕಾರವೂ ಬೇರೆ, ಹಡಗು ಅದೇ!

ಉಗಿಹಡಗು: ಅವಳಿಗಳ ಕಾಟ

ಚಿಮಣಿ ಎಷ್ಟು, ಕಂಬ ಎಷ್ಟು, ಮೂತಿ ನೇರವೋ ಓರೆಯೋ ಎಂದು ನೋಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಚಿಮಣಿಯ ಬಣ್ಣ ಕಂಪನಿಯನ್ನು ಹೇಳುತ್ತದೆ. ಆದರೆ ಒಂದೇ ಬಣ್ಣದಲ್ಲಿ ಅಚ್ಚಾದ ಚೀಟಿಯಲ್ಲಿ ಆ ದಾರಿ ಮುಚ್ಚಿದಂತೆ.

ಟೈಟಾನಿಕ್ ಚೀಟಿಗಳಲ್ಲಿ ಅದರ ಅವಳಿ ಹಡಗು ಒಲಿಂಪಿಕ್ ನುಸುಳಿರುವುದು ಸಾಮಾನ್ಯ, ಏಕೆಂದರೆ ಟೈಟಾನಿಕ್‌ನ ಫೋಟೋಗಳು ಕಡಿಮೆ. ಚಿಮಣಿಗಳ ಕೆಳಗೆ ಉದ್ದಕ್ಕೂ ಸಾಗುವ ಎ ಡೆಕ್ ಎಂಬ ಅಂತಸ್ತಿನ ಓಣಿ ನೋಡಿ. ಮುಂದಿನ ಅರ್ಧ ಕಿಟಕಿಗಳಿಂದ ಮುಚ್ಚಿದ್ದರೆ ಟೈಟಾನಿಕ್, ಉದ್ದಕ್ಕೂ ತೆರೆದಿದ್ದರೆ ಒಲಿಂಪಿಕ್. ನಾಲ್ಕನೇ ಚಿಮಣಿಯ ಹೊಗೆಯಿಂದ ಇವೆರಡನ್ನು ಬೇರ್ಪಡಿಸಲಾಗದು. ಎರಡರಲ್ಲೂ ಅದು ಬಾಯ್ಲರಿಗೆ ಸೇರಿರಲಿಲ್ಲ, ಗಾಳಿಯಾಡಲು ಇತ್ತು. ಅಲ್ಲಿಂದ ದಟ್ಟ ಕಪ್ಪು ಹೊಗೆ ಬರುತ್ತಿದ್ದರೆ ಅದು ಚಿತ್ರಕಾರರ ಕಲ್ಪನೆ.

ದಾಖಲೆಗೆ ಹೋದಾಗ

ಹೊಸ ವಾಣಿಜ್ಯ ಹಡಗುಗಳಿಗೆ ಏಳು ಅಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಇದೆ. ಹೆಸರು, ಧ್ವಜ, ಮಾಲೀಕರು ಬದಲಾದರೂ ಅದು ಬದಲಾಗದು. ಯುದ್ಧನೌಕೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಬರೆದುಕೊಂಡದ್ದು ಸರಿಯೇ ಎಂದು ಪರೀಕ್ಷಿಸಬಹುದು: ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೆಯದು. ಕ್ವೀನ್ ಮೇರಿ 2ರ ಸಂಖ್ಯೆ 9241061. 63+12+20+4+0+12 = 111, ಕೊನೆಯಲ್ಲಿ 1. ಸರಿಹೋಯಿತು.

ಟನ್ನುಗಳನ್ನು ಹೋಲಿಸುವಾಗ ಎಚ್ಚರ. ಟೈಟಾನಿಕ್‌ನ 46,328 ಗ್ರಾಸ್ ಟನ್ ಎಂಬುದು ಒಳಗಿನ ಜಾಗದ ಅಳತೆ, 100 ಘನ ಅಡಿಗೆ ಒಂದು ಟನ್. ತೂಕ ಬೇಕಿದ್ದರೆ ಡಿಸ್‌ಪ್ಲೇಸ್‌ಮೆಂಟ್, ಅಂದರೆ ಹಡಗು ಪಕ್ಕಕ್ಕೆ ಸರಿಸುವ ನೀರಿನ ತೂಕ, ನೋಡಬೇಕು. ಎರಡು ಕಡೆ ಎರಡು ಅಂಕಿ ಕಂಡ ಮಾತ್ರಕ್ಕೆ ಎರಡು ಹಡಗು ಎಂದುಕೊಳ್ಳಬೇಡಿ.

ಸಾಂಟಾ ಮರಿಯಾ, ಮೇಫ್ಲವರ್‌ನಂಥವುಗಳ ನಕ್ಷೆಯೇ ಉಳಿದಿಲ್ಲ. ಚೀಟಿಯಲ್ಲಿರುವುದು ಊಹೆಯ ಚಿತ್ರ ಅಥವಾ ಪ್ರತಿಕೃತಿ. ಅಮೆರಿಕದ 1925ರ ನಾರ್ಸ್-ಅಮೆರಿಕನ್ 5 ಸೆಂಟಿನ ಚೀಟಿಯಲ್ಲಿ ವೈಕಿಂಗ್ ಹಡಗಿನ ಮೇಲೆ ಅಮೆರಿಕದ ಧ್ವಜ ಹಾರುತ್ತಿದೆ. ಅದು 1893ರ ಶಿಕಾಗೋ ಮೇಳಕ್ಕೆ ನಾರ್ವೆಯಿಂದ ಸಾಗರ ದಾಟಿ ಬಂದ ಪ್ರತಿಕೃತಿ. ಆಲ್ಬಮ್ಮಿನಲ್ಲಿ ಅದರ ಪಕ್ಕ "ವೈಕಿಂಗ್, 1893ರ ಪ್ರತಿಕೃತಿ" ಎಂದೇ ಬರೆಯಿರಿ.