ಸಿಗ್ನಲ್ ಹಾರಿಸಿದರೆ ದಂಡ ಹಾಕುವ ಮಾಫಿಯಾ

ಮಾಫಿಯಾ ಅನ್ನುವ ವಿಡಿಯೋ ಗೇಮ್ ಸರಣಿಯ ಮೊದಲ ಆಟ ಬಂದದ್ದು 2002ರಲ್ಲಿ. ಮಾಡಿದ್ದು ಚೆಕ್ ದೇಶದ ಇಲ್ಯೂಷನ್ ಸಾಫ್ಟ್‌ವರ್ಕ್ಸ್ ಕಂಪನಿ. ನೀವು ಅದರಲ್ಲಿ ಟಾಮಿ ಆಂಜೆಲೊ. 1930ರ ದಶಕದ ಅಮೆರಿಕ, ಲಾಸ್ಟ್ ಹೆವನ್ ಅನ್ನುವ ಕಲ್ಪಿತ ಊರು. ಟ್ಯಾಕ್ಸಿ ಓಡಿಸಿಕೊಂಡಿದ್ದವನು ಡಾನ್ ಸಲಿಯೇರಿಯ ಗ್ಯಾಂಗ್ ಸೇರುತ್ತೀರಿ. ಬ್ಯಾಂಕ್ ದೋಚುತ್ತೀರಿ, ಕೊಲೆ ಮಾಡುತ್ತೀರಿ. ಆದರೆ ಊರೊಳಗೆ ಗಂಟೆಗೆ 40 ಮೈಲಿ ದಾಟಿ ಕಾರು ಓಡಿಸಿ ನೋಡಿ, ಪೊಲೀಸ್ ನಿಲ್ಲಿಸಿ ದಂಡ ಹಾಕುತ್ತಾನೆ. ಕೆಂಪು ದೀಪ ಹಾರಿಸಿದರೂ ದಂಡ. ವೇಗ ಮಿತಿಯೊಳಗೇ ಇರಲಿ ಅಂತ ಒಂದು ಬಟನ್ ಬೇರೆ ಕೊಟ್ಟಿದ್ದಾರೆ. ಅದಕ್ಕೆ ಒಂದು ವರ್ಷ ಮೊದಲು ಬಂದಿದ್ದ ಜಿಟಿಎ 3 (ಗ್ರ್ಯಾಂಡ್ ಥೆಫ್ಟ್ ಆಟೋ) ಅನ್ನುವ ಆಟದಲ್ಲಿ ಸಿಗ್ನಲ್ ಅನ್ನುವುದು ಬರೀ ಅಲಂಕಾರ. ಯಾವ ಪೊಲೀಸನೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಾನು ಪುಣೆಯ ಒಂದು ಗೇಮ್ ಸ್ಟುಡಿಯೋದಲ್ಲಿ ಲೆವೆಲ್ ಡಿಸೈನರ್. ಆಟದ ಊರಿನ ರಸ್ತೆ, ಟ್ರಾಫಿಕ್, ಪೊಲೀಸ್, ಇವು ನನ್ನ ಪಾಲಿನ ಕೆಲಸ. ಹೊಸದಾಗಿ ಸೇರುವ ಹುಡುಗರು ಮೊದಲು ಕೇಳುವುದು ಮ್ಯಾಪ್ ಎಷ್ಟು ದೊಡ್ಡದು ಅಂತ. ಗೂಂಡಾಗಳ ಕಥೆ ಇರುವ ಆಟಕ್ಕೆ ನನ್ನ ಮೊದಲ ಪ್ರಶ್ನೆ ಅದಲ್ಲ. ಈ ಊರಿನ ಪೊಲೀಸ್ ಏನೇನು ಗಮನಿಸುತ್ತಾನೆ? ಇದು ನಿಕ್ಕಿಯಾದ ಮೇಲೆ ರಸ್ತೆ ಎಷ್ಟು ಅಗಲ, ಸಂದಿ ಎಲ್ಲಿರಬೇಕು ಅನ್ನುವುದೆಲ್ಲ ಒಂದೊಂದಾಗಿ ಗೊತ್ತಾಗುತ್ತಾ ಹೋಗುತ್ತದೆ.

ಗಮನಿಸುವುದು ಅಂದರೆ ಕೋಡ್ ಮಟ್ಟದಲ್ಲಿ ಏನು? ಪೊಲೀಸ್ ಪಾತ್ರದ ಕಣ್ಣಿನಿಂದ ಮುಂದಕ್ಕೆ ಒಂದು ಶಂಕುವಿನ ಆಕಾರದ ಜಾಗ ಇರುತ್ತದೆ. ನೀವು ಅದರೊಳಗೆ ಬಂದಾಗ ಅವನ ಕಣ್ಣಿಂದ ನಿಮ್ಮ ಮೈಗೆ ಕಾಣದ ಗೆರೆಗಳನ್ನು ಎಳೆದು ನೋಡುತ್ತೇವೆ. ಗೋಡೆಯೋ ಲಾರಿಯೋ ಅಡ್ಡ ಬಂದರೆ ಕಾಣಲಿಲ್ಲ ಅಂತ ಲೆಕ್ಕ. ಗುಂಡಿನ ಸದ್ದಿಗೆ ಬೇರೆ ಅಳತೆ, ಅದು ಗೋಡೆಯಾಚೆಗೂ ಕೇಳುತ್ತದೆ. ಕಂಡ ತಕ್ಷಣ ಬೆನ್ನಟ್ಟಿದರೆ ಆಟಗಾರನಿಗೆ ಅನ್ಯಾಯ ಅನ್ನಿಸುತ್ತದೆ. ಹಾಗಾಗಿ ನಡುವೆ ಒಂದೆರಡು ಸೆಕೆಂಡು ಅನುಮಾನಕ್ಕೆ ಬಿಡುತ್ತೇವೆ. ಆಮೇಲೆ ಬೆನ್ನಟ್ಟುವುದು. ತಪ್ಪಿಸಿಕೊಂಡರೆ ಕೊನೆಗೆ ಕಂಡ ಜಾಗದ ಸುತ್ತ ಹುಡುಕುವುದು. ಅಲ್ಲೂ ಸಿಗದಿದ್ದರೆ ಕೈಬಿಡುವುದು.

ಇದರಲ್ಲಿ ಹುಡುಕಾಟದ ಭಾಗವೇ ಕಷ್ಟ. ನೀವು ಎಲ್ಲಿದ್ದೀರಿ ಅಂತ ಕಂಪ್ಯೂಟರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನ ಹಾಗೆ ಪೊಲೀಸನಿಂದ ನಟನೆ ಮಾಡಿಸಬೇಕು. ಜಾಸ್ತಿ ಪೆದ್ದನಾದರೆ ನಗು ಬರುತ್ತದೆ, ಜಾಸ್ತಿ ಜಾಣನಾದರೆ ಮೋಸ ಅನ್ನಿಸುತ್ತದೆ. ಇನ್ನು ನೀವು ವೇಗವಾಗಿ ಓಡಿಹೋಗುವಾಗ ಮುಂದಿನ ತಿರುವಿನಲ್ಲಿ ಇನ್ನೊಂದು ಜೀಪು ಎದುರಾಗುತ್ತದಲ್ವಾ? ಅದು ಎಷ್ಟೋ ಸಲ ಆ ಕ್ಷಣದಲ್ಲಿ, ನಿಮ್ಮ ಕಣ್ಣಿಗೆ ಬೀಳದ ಕಡೆ ಹುಟ್ಟಿದ ಜೀಪು. ಬಹಳಷ್ಟು ಸ್ಟುಡಿಯೋಗಳು ಈ ಕಳ್ಳಾಟ ಆಡುತ್ತವೆ.

ವೇಗದ ಮಿತಿಯಿಂದ ಇನ್ನೊಂದು ಉಪಕಾರವಿದೆ. ಗಂಟೆಗೆ 40 ಮೈಲಿ ಅಂದರೆ ಸುಮಾರು 64 ಕಿಲೋಮೀಟರ್. ಸೆಕೆಂಡಿಗೆ 18 ಮೀಟರ್ ಹತ್ತಿರ. ಅದೇ ಕಾರು 160ರಲ್ಲಿ ಹೋದರೆ ಸೆಕೆಂಡಿಗೆ 44 ಮೀಟರ್. ಮುಂದಿನ ಬೀದಿಯ ಕಟ್ಟಡ, ಮರ, ಜನ ಎಲ್ಲ ಅಷ್ಟರೊಳಗೆ ಕಂಪ್ಯೂಟರಿನಲ್ಲಿ ಸಿದ್ಧವಾಗಬೇಕು. ನಿಧಾನದ ಕಾರು ಇದ್ದರೆ ಸಣ್ಣ ಊರೂ ದೊಡ್ಡದಾಗಿ ಕಾಣುತ್ತದೆ. ಲಾಸ್ಟ್ ಹೆವನ್‌ನ ಹಳೆ ಕಾರುಗಳು ಏರಿನಲ್ಲಿ ಏದುಸಿರು ಬಿಡುತ್ತವೆ, ಟ್ಯಾಂಕಿನಲ್ಲಿ ಪೆಟ್ರೋಲೂ ಖಾಲಿಯಾಗುತ್ತದೆ. ಬೇಜಾರಾದರೆ ಟ್ರಾಮ್ ಹತ್ತಬಹುದು. ಆಗ ಇದು ಬೋರು ಅಂತ ಬೈದವರು ಬಹಳ ಜನ. ನನಗೆ ಇಡೀ ಸರಣಿಯಲ್ಲಿ ಇಷ್ಟವಾದದ್ದೇ ಇದು. ಡಿಕ್ಕಿಯಲ್ಲಿ ಹೆಣ ಇಟ್ಟುಕೊಂಡು ಸಿಗ್ನಲ್‌ಗೆ ಕಾಯುವವನಿಗೆ ಇರುವ ಎದೆಬಡಿತ, ನೂರು ಜೀಪು ಗುದ್ದಿಕೊಂಡು ಹೋಗುವವನಿಗೆ ಇರುವುದಿಲ್ಲ.

2010ರ ಮಾಫಿಯಾ 2ರಲ್ಲಿ ಊರು ಎಂಪೈರ್ ಬೇ. ಆ ಊರಿನ ಕಥೆ 1945ರ ಹಿಮದಲ್ಲಿ ಶುರುವಾಗಿ, ನಾಯಕ ವಿಟೊ ಜೈಲು ಮುಗಿಸಿ ಬರುವ ಹೊತ್ತಿಗೆ 1951. ಅಷ್ಟರಲ್ಲಿ ಕಾರು, ಬಟ್ಟೆ, ರೇಡಿಯೋ ಹಾಡು ಎಲ್ಲ ಬದಲು. ಇಲ್ಲಿನ ಪೊಲೀಸ್ ನಿಮ್ಮನ್ನೂ ನಿಮ್ಮ ಕಾರನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತಾನೆ. ಕಾರಿನ ಗುರುತು ಸಿಕ್ಕಿದ್ದರೆ ಗ್ಯಾರೇಜಿಗೆ ಹೋಗಿ ನಂಬರ್ ಪ್ಲೇಟ್ ಬದಲಿಸಬೇಕು. ಮುಖ ಪರಿಚಯ ಸಿಕ್ಕಿದ್ದರೆ ಅಂಗಡಿಗೆ ಹೋಗಿ ಬಟ್ಟೆ ಬದಲಿಸಬೇಕು. ಇಷ್ಟು ಸಣ್ಣ ನಿಯಮದಿಂದ ಬಟ್ಟೆ ಅಂಗಡಿಗೂ ಗ್ಯಾರೇಜಿಗೂ ಊರಲ್ಲಿ ಒಂದು ಕೆಲಸ ಸಿಕ್ಕಿತು. ಉಳಿದಂತೆ ಆ ಊರಲ್ಲಿ ಮಾಡಲು ಹೆಚ್ಚೇನೂ ಇಲ್ಲ, ಆ ದೂರು ನ್ಯಾಯವೇ.

2016ರ ಮೂರನೆಯ ಆಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಾಡಿದ್ದು ಹ್ಯಾಂಗರ್ 13 ಅನ್ನುವ ಸ್ಟುಡಿಯೋ. ನ್ಯೂ ಆರ್ಲಿಯನ್ಸ್ ಮಾದರಿಯ ನ್ಯೂ ಬೋರ್ಡೋ ಊರು, 1968ನೇ ಇಸವಿ. ನಾಯಕ ಲಿಂಕನ್ ಕ್ಲೇ, ವಿಯೆಟ್ನಾಂ ಯುದ್ಧದಿಂದ ಮರಳಿದ ಕಪ್ಪು ಯುವಕ. ಅವನು ಸುಮ್ನೆ ನಡೆದುಕೊಂಡು ಹೋದರೂ ಹತ್ತಿರದ ಪೊಲೀಸ್ ಒಂದು ಕಣ್ಣಿಟ್ಟಿರುತ್ತಾನೆ. ಬಿಳಿಯರ ಶ್ರೀಮಂತ ಬಡಾವಣೆಯಲ್ಲಿ ಅಪರಾಧವಾದರೆ ಜೀಪು ಬೇಗ ಬರುತ್ತದೆ, ಬಡ ಕಪ್ಪು ಜನರ ಕೇರಿಯಲ್ಲಾದರೆ ತಡವಾಗಿ. ಕೆಲವು ಅಂಗಡಿಗಳಿಗೆ ಕಾಲಿಟ್ಟರೆ ಹೊರಗೆ ಹೋಗು ಅನ್ನುತ್ತಾರೆ, ಹೋಗದಿದ್ದರೆ ಪೊಲೀಸರಿಗೆ ಫೋನ್ ಹೋಗುತ್ತದೆ. ಕೋಡ್‌ನಲ್ಲಿ ಇದು ಒಂದೆರಡು ಅಂಕಿ ಬದಲಿಸಿದಷ್ಟೇ ಕೆಲಸ ಇರಬಹುದು, ಬಡಾವಣೆಗೊಂದು ಗಡುವು. ಆದರೆ ಆ ಕಾಲದ ಅಮೆರಿಕದ ದಕ್ಷಿಣ ಭಾಗ ಹೇಗಿತ್ತು ಅನ್ನುವುದು ಭಾಷಣ ಇಲ್ಲದೆ ಆಟಗಾರನ ಮೈಗೇ ತಟ್ಟುತ್ತದೆ. ಅಷ್ಟು ಒಳ್ಳೆಯ ಯೋಚನೆ ಮಾಡಿದವರು ಮಿಷನ್‌ಗಳಲ್ಲಿ, ಅಂದರೆ ಆಟಗಾರನಿಗೆ ಒಪ್ಪಿಸುವ ಕೆಲಸಗಳಲ್ಲಿ ಮಾತ್ರ ಒಂದೇ ಕೆಲಸವನ್ನು ಕೇರಿ ಕೇರಿಗೂ ಮಾಡಿಸಿದರು. ಅಡ್ಡಾಗಳನ್ನು ಹಾಳು ಮಾಡು, ಮುಖ್ಯಸ್ಥನನ್ನು ಹಿಡಿ, ಮತ್ತೆ ಮುಂದಿನ ಕೇರಿ. ಅರ್ಧಕ್ಕೆ ಬಿಟ್ಟವರನ್ನು ನಾನು ದೂರುವುದಿಲ್ಲ.

ಎರಂಡವಣೆಯ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋದಾಗ ಯಾರಾದರೂ ಕಾಲೇಜು ಹುಡುಗರು ಹಿಡಿದುಕೊಳ್ಳುತ್ತಾರೆ. "ಅಂಕಲ್, ಪುಣೆ ಇಟ್ಕೊಂಡು ಹಿಂಗೇ ಒಂದು ಗೇಮ್ ಮಾಡ್ರಿ." ಮಾಡಬಹುದು. ಆದರೆ ಆಟದ ಟ್ರಾಫಿಕ್ ನಡೆಯುವುದು ಲೇನ್ ಲೆಕ್ಕದಲ್ಲಿ. ರಸ್ತೆಯ ಮೇಲೆ ಕಾಣದ ಚುಕ್ಕೆಗಳು, ಅವನ್ನು ಕೂಡಿಸುವ ಗೆರೆಗಳು. ಕಾರುಗಳು ಈ ರಂಗೋಲಿ ಬಿಟ್ಟು ಆಚೆ ಹೋಗುವುದಿಲ್ಲ. ನಿಮ್ಮಿಂದ ದೂರವಾದವು ಅಳಿಸಿಹೋಗುತ್ತವೆ, ಹೊಸವು ಹುಟ್ಟುತ್ತವೆ. ಸಂಜೆ ಕರ್ವೆ ರಸ್ತೆಯಲ್ಲಿ ಯಾವ ಸ್ಕೂಟರ್ ಯಾವ ಲೇನ್‌ನಲ್ಲಿದೆ ಹೇಳಿ ನೋಡೋಣ. ಫುಟ್‌ಪಾತ್ ಮೇಲೆ ಒಂದು, ಎದುರು ದಿಕ್ಕಿನಿಂದ ಇನ್ನೊಂದು. ಪ್ರತಿ ಗಾಡಿಯೂ ಖಾಲಿ ಜಾಗ ಹುಡುಕಿ ತಾನೇ ನಿರ್ಧಾರ ಮಾಡಬೇಕೆಂದರೆ ಲೆಕ್ಕದ ಹೊರೆ ಎಷ್ಟೋ ಪಟ್ಟು ಏರುತ್ತದೆ. 2018ರ ಹಿಟ್‌ಮ್ಯಾನ್ 2 ಅನ್ನುವ ಆಟದಲ್ಲಿ ಮುಂಬೈ ಇದೆ, ಜನಜಂಗುಳಿ ಚೆನ್ನಾಗಿಯೇ ಬಂದಿದೆ. ಅಲ್ಲಿ ನಡೆದು ಓಡಾಡುವುದಷ್ಟೇ, ಗಾಡಿ ಓಡಿಸುವುದಿಲ್ಲ.

ಪೊಲೀಸರದ್ದು ಇನ್ನೊಂದು ತೊಡಕು. ಇಲ್ಲಿ ಚೌಕದಲ್ಲಿ ಮಾಮಾ, ಅಂದರೆ ಟ್ರಾಫಿಕ್ ಪೊಲೀಸ್, ನಿಂತಿದ್ದರೆ ಎಲ್ಲರೂ ಗೆರೆಯ ಹಿಂದೆ. ಮಾಮಾ ಇಲ್ಲದಿದ್ದರೆ ಕ್ಯಾಮೆರಾ ಹಿಡಿಯುತ್ತದೆ, ಚಲನ್ ಆಮೇಲೆ ಯಾವಾಗಲೋ ಫೋನಿಗೆ ಬರುತ್ತದೆ. ಆಟದಲ್ಲಿ ಹೀಗೆ ತಡ ಮಾಡುವಂತಿಲ್ಲ. ತಪ್ಪು ಮಾಡಿ ಕೆಲವೇ ಸೆಕೆಂಡುಗಳಲ್ಲಿ ಸೀಟಿಯೋ ಸೈರನ್ನೋ ಕೇಳಿಸದಿದ್ದರೆ ದಂಡ ಯಾಕೆ ಬಿತ್ತು ಅಂತ ಆಟಗಾರನಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಟೀಮಿನಲ್ಲಿ ಸೋಲಾಪುರದ ಹುಡುಗನೊಬ್ಬ ಇದ್ದಾನೆ, ಮನೆಮಾತು ಕನ್ನಡ. ಚಲನ್ ಬರುವ ಮೊದಲು ಆ ಸಂದೇಶವನ್ನು ಯಾರೋ ಗುಮಾಸ್ತನಿಗೆ ದುಡ್ಡು ಕೊಟ್ಟು ತಡೆಯುವುದೇ ಒಂದು ಮಿಷನ್ ಆಗಲಿ ಅನ್ನುತ್ತಾನೆ. ಐಡಿಯಾ ಕೆಟ್ಟದ್ದಲ್ಲ. ಮೂಲೆ ಮೂಲೆಯಲ್ಲಿ ಕ್ಯಾಮೆರಾ ಇರುವ ಊರಿಗೆ ತಪ್ಪಿಸಿಕೊಂಡು ಓಡುವ ಗೂಂಡಾಗಿಂತ ದಾಖಲೆ ಅಳಿಸುವ ಗೂಂಡಾನೇ ಸರಿ ಹೊಂದುತ್ತಾನೆ.

ಮೊದಲ ಆಟವನ್ನು 2020ರಲ್ಲಿ ಹೊಸದಾಗಿ ಕಟ್ಟಿ ಡೆಫಿನಿಟಿವ್ ಎಡಿಷನ್ ಅಂತ ತಂದರು. ಅದರಲ್ಲಿ ಕಟ್ಟುನಿಟ್ಟಿನ ಪೊಲೀಸ್ ಒಂದು ಆಯ್ಕೆಯಷ್ಟೇ. ಹೊಸಬರು ಆಡುವುದಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಅದನ್ನು ಆನ್ ಮಾಡಿಕೊಳ್ಳಿ. ಮೊದಲ ಒಂದು ಗಂಟೆ ಕಿರಿಕಿರಿಯಾಗುತ್ತದೆ. ಆಮೇಲೆ ಪ್ರತಿ ಚೌಕದಲ್ಲೂ ನೀವೇ ಎಡಕ್ಕೆ ಬಲಕ್ಕೆ ನೋಡಲು ಶುರು ಮಾಡುತ್ತೀರಿ.