‘ಹಿಂದಿನದನ್ನು ಮರೆತು’ ಅಂದರೆ ಏನು? ಫಿಲಿಪ್ಪಿ 3:13

ಕಳೆದ ವಾರ ಬೈಬಲ್ ಓದು ಮುಗಿದ ಮೇಲೆ ಒಬ್ಬ ಅಕ್ಕ ಕೇಳಿದರು: “ಹಿಂದಿನದನ್ನು ಮರೆಯಬೇಕು ಅಂತೀರಿ. ನನಗೆ ಮರೆಯೋಕೇ ಆಗ್ತಿಲ್ಲ. ಹಾಗಾದ್ರೆ ನನ್ನ ನಂಬಿಕೆ ಕಡಿಮೆ ಅಂತಾನಾ?” ಆಗ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಮತ್ತೆ ಓದಿದೆ. ಅದೇ ಈ ಟಿಪ್ಪಣಿ.

ಅಪೊಸ್ತಲ ಪೌಲ ಫಿಲಿಪ್ಪಿಯ ಕ್ರೈಸ್ತ ಸಭೆಗೆ ಬರೆದ ಪತ್ರದ ಈ 13ನೇ ವಚನವನ್ನು, ‘ಹಿಂದಿನದನ್ನು ಮರೆತು ಮುಂದಿನದರ ಕಡೆ ಚಾಚುತ್ತಾ’ ಅನ್ನುವುದನ್ನು, ಗೋಡೆ ಕ್ಯಾಲೆಂಡರಿನಲ್ಲಿ ಓದಿಯೇ ನಮಗೆ ಅಭ್ಯಾಸ. ಈ ಸಲ 4ನೇ ವಚನದಿಂದ ಶುರು ಮಾಡಿ. ಪೌಲ ಬಿಟ್ಟುಬಂದದ್ದರಲ್ಲಿ ತಪ್ಪಿಗಿಂತ ಹೆಮ್ಮೆಯೇ ಜಾಸ್ತಿ: ಎಂಟನೇ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ ಅನ್ನುವ ಹೆಸರು. ಅದರ ನಡುವೆಯೇ ಸಭೆಯನ್ನು ಹಿಂಸಿಸಿದ್ದನ್ನೂ ಹೇಳುತ್ತಾನೆ. ಅಂದರೆ ‘ಮರೆಯುತ್ತೇನೆ’ ಅನ್ನುವ ಏಳು ವಚನ ಮೊದಲು ಅವನಿಗೆ ಎಲ್ಲವೂ ನೆನಪಿದೆ! ಗ್ರೀಕಿನಲ್ಲಿ ಆ ಪದ ‘ಮರೆಯುತ್ತಾ’ ಅನ್ನುವ ರೂಪದಲ್ಲಿದೆ, ಇನ್ನೂ ನಡೆಯುತ್ತಿರುವ ಕೆಲಸ. ಪಕ್ಕದ ‘ಚಾಚುತ್ತಾ’ ಅನ್ನುವ ಪದಕ್ಕೆ ಮೈಯನ್ನು ಮುಂದಕ್ಕೆ ಚಾಚುವುದು ಅಂತ ಅರ್ಥ. ಓಡುವವನಿಗೆ ದಾಟಿ ಬಂದ ದಾರಿ ಗೊತ್ತು. ಕತ್ತು ತಿರುಗಿಸುವುದಿಲ್ಲ, ಅಷ್ಟೇ.

ಯೆಶಾಯ 43:18ನ್ನೂ ನೋಡಿ. ಅಲ್ಲಿ ನೆನೆಯಬೇಡಿ ಅಂದಿರುವ ‘ಹಳೆಯದು’ ಸಮುದ್ರದಲ್ಲಿ ದಾರಿಯಾದ ಆ ದೊಡ್ಡ ಬಿಡುಗಡೆ. ಒಳ್ಳೆಯ ನೆನಪೇ! ಅದೇ ಪುಸ್ತಕದ 46:9 ಹಳೆಯದನ್ನು ನೆನೆಯಿರಿ ಅನ್ನುತ್ತದೆ. ಹಾಗಾಗಿ ನೊಂದವರಿಗೆ “ಸುಮ್ನೆ ಮರೆತುಬಿಡಿ” ಅನ್ನಲು ಈ ವಚನ ಬಳಸಬೇಡಿ. ಅದು ಉಪದೇಶ ಅಲ್ಲ, ಬಾಯಿ ಮುಚ್ಚಿಸುವುದು.

ಈಗ ಯೇಸುವಿನ ಶಿಷ್ಯ, ಮೀನುಗಾರ ಪೇತ್ರನ ಕಡೆ ಬರೋಣ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಅಲ್ವಾ? ಆ ದಿನಗಳಲ್ಲಿ ಕಾರವಾರದ ಬೈತಖೋಲ ಬಂದರಿನಲ್ಲಿ ಒಬ್ಬ ಅಜ್ಜ ಬಲೆ ಸರಿ ಮಾಡುವುದನ್ನು ನೋಡುತ್ತಾ ನಿಂತಿದ್ದೆ. ಹರಿದ ಕಡೆ ಅವರು ನೇರ ಹೆಣೆಯಲಿಲ್ಲ. ಮೊದಲು ಚಾಕು ಹಿಡಿದು ಸುತ್ತಲಿನ ಹರುಕು ಕಣ್ಣುಗಳನ್ನು ಒಂದೊಂದೇ ಕತ್ತರಿಸಿದರು. ಅಂಗೈಯಷ್ಟಿದ್ದ ತೂತು ಮೊರದಷ್ಟಾಯಿತು. ಹಾಳಾಯ್ತಲ್ಲ ಅಂದೆ. “ಗಟ್ಟಿ ಗಂಟು ಸಿಗೋವರೆಗೆ ಕತ್ತರಿಸಬೇಕು. ಇಲ್ಲಾಂದ್ರೆ ಅಲ್ಲೇ ಮತ್ತೆ ಹರಿಯುತ್ತೆ” ಅಂದರು.

ಯೋಹಾನ 21 ಓದುವಾಗ ನನಗೆ ಆ ಚಾಕು ನೆನಪಾಗುತ್ತದೆ. ರಾತ್ರಿಯೆಲ್ಲಾ ಬಲೆ ಬೀಸಿ ಏನೂ ಸಿಗದ ಶಿಷ್ಯರು ಬೆಳಗ್ಗೆ 153 ಮೀನು ಎಳೆದು ತರುತ್ತಾರೆ. ದಡದಲ್ಲಿ ಯೇಸು ಕೆಂಡ ಮಾಡಿ ಕಾಯುತ್ತಿದ್ದಾನೆ. ಈ ಇದ್ದಲ ಬೆಂಕಿಗೆ ಇರುವ ಗ್ರೀಕ್ ಪದ ‘ಆಂಥ್ರಕಿಯಾ’. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಸಲ. ಇನ್ನೊಂದು 18:18ರಲ್ಲಿ. ಯೇಸುವನ್ನು ಬಂಧಿಸಿದ ರಾತ್ರಿ, ಚಳಿಗೆ ಮೈ ಕಾಯಿಸಿಕೊಳ್ಳುತ್ತಾ ಪೇತ್ರ ‘ನಾನು ಅವನ ಶಿಷ್ಯನಲ್ಲ’ ಅಂದ ಬೆಂಕಿ ಅದು.

ಅಂಥದ್ದೇ ಕೆಂಡದ ಹತ್ತಿರ ಅವನನ್ನು ಕೂರಿಸಿ, ಮೊದಲು ಊಟ ಕೊಟ್ಟು, ಆಮೇಲೆ ಯೇಸು ಕೇಳುತ್ತಾನೆ: ನನ್ನನ್ನು ಪ್ರೀತಿಸುತ್ತೀಯಾ? ಅಲ್ಲಗಳೆದದ್ದು ಮೂರು ಸಲ, ಪ್ರಶ್ನೆಯೂ ಮೂರು ಸಲ. ಮೂರನೆಯದಕ್ಕೆ ಪೇತ್ರನಿಗೆ ದುಃಖವಾಯಿತು ಅಂತ 17ನೇ ವಚನ ಮುಚ್ಚಿಡದೆ ಹೇಳುತ್ತದೆ. ಆ ರಾತ್ರಿಯ ಮಾತನ್ನು ಯೇಸು ಒಮ್ಮೆಯೂ ಬಾಯಿಬಿಟ್ಟು ಎತ್ತುವುದಿಲ್ಲ. ಹಾಗಂತ ಮುಚ್ಚಿಹಾಕುವುದೂ ಇಲ್ಲ. ಪ್ರತಿ ಉತ್ತರಕ್ಕೂ ಕುರಿ ಕಾಯುವ ಕೆಲಸ ಒಪ್ಪಿಸುತ್ತಾನೆ. 2 ಕೊರಿಂಥ 5:17ರ ‘ಹೊಸ ಸೃಷ್ಟಿ’ ಒಬ್ಬ ಮೀನುಗಾರನ ಬದುಕಿನಲ್ಲಿ ಹೇಗಿರುತ್ತದೆ ಅಂತ ಕೇಳಿದರೆ ನಾನು ಈ ದಡವನ್ನೇ ತೋರಿಸುತ್ತೇನೆ.

ಆ ಅಕ್ಕನಿಗೆ ಇನ್ನೂ ಒಂದು ಮಾತು. ‘ನನ್ನನ್ನು ಹಿಂಬಾಲಿಸು’ ಅಂತ ಯೇಸು ಹೇಳಿದ್ದು 19ನೇ ವಚನದಲ್ಲಿ. 20ರಲ್ಲಿ ಪೇತ್ರ ಏನು ಮಾಡಿದ ನೋಡಿ: ಹಿಂತಿರುಗಿ ನೋಡಿದ! ಯೇಸು 22ರಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತು.