ಬೋರ್‌ವೆಲ್ ಮೋಟಾರ್ ಬಿಚ್ಚುವ ಕೈಗೆ ಬ್ಯಾಟರಿ ಸ್ಕೂಟರ್ ಹೊಸದಲ್ಲ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ನಮ್ಮ ಐಟಿಐ ಬಾಗಿಲಲ್ಲಿ ಒಂದೇ ಪ್ರಶ್ನೆ. "ಸಾರ್, ಮುಂದೆ ಯಾವ ಟ್ರೇಡಿಗೆ ಕೆಲಸ ಇರುತ್ತೆ? ಮಗನನ್ನ ಯಾವುದಕ್ಕೆ ಸೇರಿಸಲಿ?" ಕೇಳುವವರು ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದ ಅಪ್ಪ ಅಮ್ಮಂದಿರು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿದ್ದೇನೆ. ಆದರೂ ಮುಂದಿನ ಹತ್ತು ವರ್ಷಕ್ಕೆ ಇದೇ ಕೆಲಸ ಅಂತ ಬೊಟ್ಟು ಮಾಡಿ ತೋರಿಸಲು ನನ್ನಿಂದ ಆಗುವುದಿಲ್ಲ. ನಾನು ಹೇಳುವುದು ಇಷ್ಟೇ: ಮಷೀನು ಓಡಿಸುವುದನ್ನು ಯಾರು ಬೇಕಾದರೂ ವಾರದಲ್ಲಿ ಕಲಿಯುತ್ತಾರೆ. ಅದು ಯಾಕೆ ನಿಂತಿತು ಅಂತ ಹುಡುಕುವುದನ್ನು ಕಲಿಸುವ ಕಡೆ ಸೇರಿಸಿ.

ಇದಕ್ಕೆ ಕಾರಣ ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಊರು ಕೆಜಿಎಫ್. 1902ರಲ್ಲೇ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತರಿಸಿಕೊಂಡ ಊರು ಅದು. ಆ ಕಾಲಕ್ಕೆ ಅದಕ್ಕಿಂತ ಹೊಸ ಕೆಲಸ ಇನ್ನೆಲ್ಲಿತ್ತು? 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ನನಗೆ ಪಾಠ ಹೇಳಿದ ಮೇಷ್ಟ್ರು ಗಣಿ ಕಾರ್ಮಿಕರ ಮಗ. ವೈರಿಂಗ್, ವೆಲ್ಡಿಂಗ್, ಫಿಟ್ಟಿಂಗ್ ಗೊತ್ತಿದ್ದವರು ಬೇರೆ ಕಡೆ ಹೇಗೋ ಹೊಂದಿಕೊಂಡರು, ಗಣಿಯೊಳಗೆ ಮಾತ್ರ ನಡೆಯುವ ಕೆಲಸ ಕಲಿತವರಿಗೆ ಕೂಲಿಯೇ ಗತಿಯಾಯಿತು ಅಂತ ಅವರು ಹೇಳುತ್ತಿದ್ದರು. ಕೆಜಿಎಫ್‌ನ ಮಾರಿಕುಪ್ಪಂನಿಂದ ಕೆಲಸಕ್ಕಾಗಿ ಜನ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಒಂದು ದಿನ ನಿಂತು ಬನ್ನಿ, ಒಂದೇ ಕೆಲಸವನ್ನು ನಂಬಿದ ಊರು ಹೇಗಿರುತ್ತದೆ ಅಂತ ಗೊತ್ತಾಗುತ್ತದೆ.

ಈಗ ನಮ್ಮ ಕಣ್ಣೆಲ್ಲ ನಮ್ಮ ಜಿಲ್ಲೆಯ ನರಸಾಪುರದ ಕಾರ್ಖಾನೆಗಳ ಮೇಲೆ. 2013ರಿಂದ ಹೋಂಡಾ ಅಲ್ಲಿ ದ್ವಿಚಕ್ರ ವಾಹನ ಮಾಡುತ್ತಿದೆ. ಐಫೋನ್ ಜೋಡಿಸುವ ಕಾರ್ಖಾನೆಯೂ ಅಲ್ಲೇ ಇದೆ. ಸಂತೋಷದ ಸಂಗತಿಯೇ. ಆದರೆ ಪಿಯುಸಿ ಮುಗಿಸಿ ಗುತ್ತಿಗೆ ಲೆಕ್ಕದಲ್ಲಿ ಸೇರಿ, ಎರಡು ವರ್ಷ ಒಂದೇ ಜಾಗದಲ್ಲಿ ಒಂದೇ ಸ್ಕ್ರೂ ಬಿಗಿದು ಹೊರಬಂದ ಹುಡುಗರು ನನ್ನ ಹತ್ತಿರ ಬರುತ್ತಾರೆ. ಏನು ಕಲಿತೆ ಅಂದರೆ ತಲೆ ತಗ್ಗಿಸುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಸ್ಕ್ರೂವನ್ನು ನಾಳೆ ರೋಬೋಟ್ ಬಿಗಿಯುತ್ತದೆ, ಅಲ್ವಾ?

ಹೋದ ವರ್ಷ ನಮ್ಮ ಲ್ಯಾಬಿನಲ್ಲಿ ನಡೆದದ್ದು ಹೇಳುತ್ತೇನೆ. ಅಭ್ಯಾಸಕ್ಕೆ ಇಟ್ಟಿರುವ ಸಣ್ಣ ಕನ್ವೇಯರ್ ಇದ್ದಕ್ಕಿದ್ದಂತೆ ನಿಂತಿತು. ನಾಲ್ಕೈದು ಹುಡುಗರು ಲ್ಯಾಪ್‌ಟಾಪ್ ಮುಂದೆ ಗುಂಪು ಕಟ್ಟಿ ಮಷೀನನ್ನು ನಡೆಸುವ ಸಣ್ಣ ಕಂಪ್ಯೂಟರಿನ, ಅಂದರೆ ಪಿಎಲ್‌ಸಿಯ, ಪ್ರೋಗ್ರಾಮ್ ತಿದ್ದತೊಡಗಿದರು. ಹಿಂದೆ ನಿಂತಿದ್ದ ಒಬ್ಬ ಮೆಲ್ಲಗೆ, "ಸಾರ್, ಕರೆಂಟ್ ಎಲ್ಲಿವರೆಗೆ ಬಂದಿದೆ ಅಂತ ಮೊದಲು ನೋಡೋಣ್ವಾ?" ಅಂದ. ಮಲ್ಟಿಮೀಟರ್ ಹಿಡಿದು ಪವರ್ ಸಪ್ಲೈ ಹತ್ತಿರ ನೋಡಿದ, 24 ವೋಲ್ಟ್ ಇತ್ತು. ಸೆನ್ಸರ್ ಹತ್ತಿರ ನೋಡಿದ, ಸೊನ್ನೆ. ನಡುವಿನ ಟರ್ಮಿನಲ್ ಪಟ್ಟಿಯಲ್ಲಿ ಒಂದು ವೈರು ಸಡಿಲವಾಗಿತ್ತು. ಸ್ಕ್ರೂಡ್ರೈವರ್ ಅರ್ಧ ಸುತ್ತು ತಿರುಗಿಸಿದ, ಬೆಲ್ಟ್ ಓಡಿತು.

ಎಲ್ಲಿ ಕಲಿತೆ ಅಂತ ಕೇಳಿದೆ. ಅವನ ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ.

ನಮ್ಮ ಜಿಲ್ಲೆಯ ಆಸ್ತಿ ಇದು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಇಲ್ಲಿ ಎಲ್ಲಾ ಕಡೆ ಇವೆ. ವೋಲ್ಟೇಜ್ ಇಳಿದರೆ, ಮೂರರಲ್ಲಿ ಒಂದು ಫೇಸ್ ಹೋದರೆ, ನೀರಿಲ್ಲದೆ ಓಡಿದರೆ ಮೋಟಾರ್ ಸುಟ್ಟುಹೋಗುತ್ತದೆ. ಹಾಗಾಗಿ ಸಣ್ಣ ಊರಿನಲ್ಲೂ ಒಂದು ರಿವೈಂಡಿಂಗ್ ಅಂಗಡಿ ಸಿಗುತ್ತದೆ. ಅಲ್ಲಿ ಕೂತವರಿಗೆ ತಂತಿ ಕೂರಿಸುವ ಯಾವ ಸ್ಲಾಟಿಗೆ ಎಷ್ಟು ಸುತ್ತು ಅನ್ನುವುದು ಬಾಯಿಪಾಠ. ಇನ್ಸುಲೇಷನ್ ಹೋಗಿದ್ದರೆ ಮೆಗ್ಗರ್ ಅನ್ನುವ ಮೀಟರ್ ಹಚ್ಚಿ ಹೇಳುತ್ತಾರೆ. ಬ್ಯಾಟರಿ ಸ್ಕೂಟರಿನ ಮೋಟಾರೂ ಒಳಗೆ ಮೂರು ಫೇಸಿನದೇ. ಬ್ಯಾಟರಿಯ ಡಿಸಿ ಕರೆಂಟನ್ನು ಕಂಟ್ರೋಲರ್ ಮೂರು ಫೇಸಾಗಿ ಮಾಡಿ ಕೊಡುತ್ತದೆ. ಇವರಿಗೆ ಗೊತ್ತಿಲ್ಲದ್ದು ಆ ಕಂಟ್ರೋಲರ್ ಮತ್ತು ಬ್ಯಾಟರಿ ಕಾಯುವ ಬಿಎಂಎಸ್, ಅಷ್ಟೇ. ಭವಿಷ್ಯದ ಕೌಶಲ್ಯ ಅಂತ ಬೆಂಗಳೂರಿನಿಂದ ಹೊತ್ತು ತರುವ ಮೊದಲು ನಮ್ಮ ಬೀದಿಯಲ್ಲಿ ಏನಿದೆ ಅಂತ ಎಣಿಸಬೇಕು. ಮೂರು ತಿಂಗಳ ಸಂಜೆ ತರಗತಿ ಸಾಕು, ಈ ಅಂತರ ದಾಟಬಹುದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಕಂಪನಿಗೆ ಸೇರುವ ಮಕ್ಕಳಿಗೆ ಇನ್ನೊಂದು ಮಾತು. ಸಂಬಳ ಎಷ್ಟು ಅಂತ ಕೇಳುವಾಗಲೇ ಅಪ್ರೆಂಟಿಸ್ ಆಗಿ ತಗೊಳ್ತೀರಾ ಅಂತಲೂ ಕೇಳಿ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ, ಒಟ್ಟು ಸಂಖ್ಯೆಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಮೊದಲು ಕೈಗೆ ಬರುವ ದುಡ್ಡು ಕಡಿಮೆ ಇರಬಹುದು. ಆದರೆ ಕೊನೆಯಲ್ಲಿ ಪರೀಕ್ಷೆ ಬರೆದು ಪಾಸಾದರೆ ದೇಶದ ಯಾವ ಮೂಲೆಯಲ್ಲೂ ತೋರಿಸಬಹುದಾದ ಸರ್ಟಿಫಿಕೇಟ್ ಸಿಗುತ್ತದೆ. ಇಂಗ್ಲಿಷಿಗೆ ಹೆದರಬೇಡಿ. ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ, ಇಷ್ಟರ ಮಧ್ಯೆ ಬೆಳೆದವರು ನೀವು. ಮಷೀನಿನ ಪರದೆ ಮೇಲೆ ಬರುವ ಎಚ್ಚರಿಕೆಯ ಪದಗಳು ಇನ್ನೂರು ದಾಟುವುದಿಲ್ಲ. ದಿನಕ್ಕೆ ಐದರಂತೆ ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ, ಬರುತ್ತದೆ.

ಮೊನ್ನೆ ಶನಿವಾರ ಆ ಹುಡುಗನ ಅಪ್ಪನನ್ನು ಲ್ಯಾಬಿಗೆ ಕರೆಸಿದ್ದೆ. ಒಳಗೆ ಬರಲು ಹಿಂಜರಿದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದರು. ಹಳೆಯ ಸ್ಕೂಟರಿನ ಚಕ್ರದ ಮೋಟಾರ್ ಬಿಚ್ಚಿ ಅವರ ಮುಂದಿಟ್ಟೆ. ಬೆರಳಿನಿಂದ ಸ್ಲಾಟ್ ಎಣಿಸಿದರು. ಮೂರು ದಪ್ಪ ವೈರು ಹಿಡಿದು, "ಇದು ನಮ್ಮದೇ, ಮೂರು ಫೇಸು" ಅಂದರು. ಆಮೇಲೆ ಪಕ್ಕದ ಐದು ಸಣ್ಣ ವೈರು ಎತ್ತಿ ಮಗನ ಮುಖ ನೋಡಿದರು. "ಇವು ಯಾತಕ್ಕೋ?"

"ಹಾಲ್ ಸೆನ್ಸರ್‌ದು ಅಪ್ಪಾ. ಎರಡರಲ್ಲಿ ಸಪ್ಲೈ, ಮೂರರಲ್ಲಿ ಸಿಗ್ನಲ್. ಒಳಗಿನ ಅಯಸ್ಕಾಂತ ಎಲ್ಲಿವರೆಗೆ ತಿರುಗಿದೆ ಅಂತ ಕಂಟ್ರೋಲರ್‌ಗೆ ಹೇಳುತ್ತೆ."

ಅವರು ಒಂದು ಕ್ಷಣ ಸುಮ್ನಿದ್ದರು. ಆಮೇಲೆ ಸ್ಟೂಲು ಹತ್ತಿರ ಎಳೆದುಕೊಂಡು, "ಮೀಟರ್ ಕೊಡು, ನೋಡೋಣ" ಅಂದರು.